ಕಡೆಯ ಪುಟದ ಳ

ಅಣ್ಣನಿಗೆ,

ಕ್ಷೇಮವೇ ಎಂದು ಕೇಳುವುದಿಲ್ಲ. ನೀನು ಕ್ಷೇಮವಾಗಿದ್ದೀಯ ಎಂಬುದು ಮಹಡಿಯ ಮೇಲಿಂದ ದಿನವೂ ಕೇಳಿಸುತ್ತದೆ. ನೀನು ಫೋನಿನಲ್ಲಿ ಮಾತಾಡುವ ಜೋರಿಗೆ ಫೋನೇ ಬೇಕಾಗಿಲ್ಲ, ಕಿಟಕಿ ತೆರೆದರೆ ಸಾಕು.

ಹದಿನಾಲ್ಕು ಮೆಟ್ಟಿಲು ಹತ್ತಿ ಬಂದರೆ ನಿನ್ನ ಮುಂದೆ ನಿಲ್ಲಬಹುದು. ಆದರೂ ಕಾಗದ ಬರೆಯುತ್ತಿದ್ದೇನೆ. ಪೂರ್ತಿ ಓದು. ಇಲ್ಲಿ ನಡುವೆ ಬಾಯಿ ಹಾಕಲು ನಿನಗೆ ಜಾಗವಿಲ್ಲ. ಹುಟ್ಟಿದ ನಲವತ್ತೆಂಟು ವರ್ಷದಲ್ಲಿ ಈ ಸೌಕರ್ಯ ನನಗೆ ಸಿಕ್ಕಿರುವುದು ಇದೇ ಮೊದಲು.

ಹೋದ ವರ್ಷ ಡಾಕ್ಟರು ನನ್ನ ಗಂಟಲೊಳಗೆ ದೀಪ ಬಿಟ್ಟು ನೋಡಿ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಇಲ್ಲದಿದ್ದರೆ ಗಡ್ಡೆ ಜೀವ ತೆಗೆಯುತ್ತದೆ ಅಂದಾಗ ನೀನು ಪಕ್ಕದಲ್ಲೇ ಕೂತಿದ್ದೆ. ನಾನು ಬಾಯಿ ತೆರೆಯುವ ಮೊದಲೇ "ತೆಗೀರಿ ಡಾಕ್ಟ್ರೇ, ಜೀವಕ್ಕಿಂತ ಹೆಚ್ಚಾ?" ಅಂದೆ. ಮಾತು ಸರಿಯೇ. ಆದರೆ ಅದು ನಾನು ಹೇಳಬೇಕಾದ ಮಾತಾಗಿತ್ತು. ಇಪ್ಪತ್ತೆರಡು ವರ್ಷ ಬಸ್ ನಿಲ್ದಾಣದ ಮೈಕಿನ ಮುಂದೆ ಕೂತು ಯಾವ ಬಸ್ಸು ಯಾವ ಅಂಕಣದಿಂದ ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದು ಹೇಳಿದವಳು ನಾನು. ಡ್ರೈವರುಗಳಿಂದ ಹಿಡಿದು ಹೂ ಮಾರುವವಳವರೆಗೆ ಎಲ್ಲರೂ ನನ್ನನ್ನು ಮೈಕಮ್ಮ ಅನ್ನುತ್ತಿದ್ದರು. ನನಗೆ ಗಂಡನಿಲ್ಲ, ಮಕ್ಕಳಿಲ್ಲ. ಇದ್ದದ್ದು ಒಂದು ದನಿ, ಅದರ ಮೇಲೆ ಒಂದಿಷ್ಟು ಜಂಬ. ಜಂಬವೆಲ್ಲ ಇದ್ದದ್ದು ನನ್ನ ಳಕಾರದಲ್ಲಿ. ಹೊಸದಾಗಿ ಬಂದ ಹುಡುಗಿಯರು "ಏಲು ಗಂಟೆಗೆ" ಅಂದರೆ ಮೈಕು ಕಿತ್ತುಕೊಂಡು, "ಏಳು, ಏಳು. ನಾಲಿಗೆ ಮಡಚು" ಅಂತ ಕಣ್ಣಲ್ಲಿ ನೀರು ಬರುವವರೆಗೆ ಹೇಳಿಸಿದ್ದೇನೆ.

ಆಸ್ಪತ್ರೆಯಲ್ಲಿ ಮಾತಿನ ತರಬೇತಿ ಕೊಡುವ ಮೇಡಂ ಒಂದು ದಾರಿ ತೋರಿಸಿದರು. ಆಪರೇಷನ್ನಿಗೆ ಐದು ವಾರ ಇದೆ, ಅಷ್ಟರೊಳಗೆ ಸಾವಿರದ ಇನ್ನೂರು ವಾಕ್ಯಗಳನ್ನು ನಿಮ್ಮ ದನಿಯಲ್ಲಿ ಓದಿ ರೆಕಾರ್ಡ್ ಮಾಡಿ. ಆಮೇಲೆ ನೀವು ಏನು ಟೈಪ್ ಮಾಡಿದರೂ ಯಂತ್ರ ಅದನ್ನು ನಿಮ್ಮ ದನಿಯಲ್ಲೇ ಹೇಳುತ್ತದೆ ಅಂದರು. ಮೂವತ್ತು ಪುಟ, ಪುಟಕ್ಕೆ ನಲವತ್ತು ವಾಕ್ಯ. ತಲೆಬುಡವಿಲ್ಲದ ವಾಕ್ಯಗಳು. "ಠಕ್ಕನ ಛತ್ರಿಗೆ ಝರಿಯ ನೀರು ಬಿತ್ತು." ಅಕ್ಷರಗಳೆಲ್ಲ ಬಂದುಹೋಗಲಿ ಎಂದು ಹಾಗೆ ಹೆಣೆದಿದ್ದರು. ಆಗಲೇ ನನ್ನ ಗಂಟಲು ಕಟ್ಟಿತ್ತು. ಒಂದೊಂದು ದಿನ ಳ ಎಂಬುದು ಳವೂ ಅಲ್ಲ, ಲವೂ ಅಲ್ಲ, ಬರೀ ಗೊರಗೊರ. ನಾನು ಹಟ ಹಿಡಿದದ್ದಕ್ಕೆ ಮೇಡಂ ಳಕಾರಕ್ಕೆಂದೇ ಕಡೆಯ ಪುಟವನ್ನು ಬೇರೆಯಾಗಿ ಬರೆದುಕೊಟ್ಟು, "ಗಂಟಲು ಚೆನ್ನಾಗಿರೋ ದಿನ ನೋಡ್ಕೊಂಡು ಇದನ್ನ ಓದಿ" ಅಂದರು.

ಒಂದು ಮಾತು ಬರೆಯದಿದ್ದರೆ ನಾನೂ ನಿನ್ನಂತೆ ಸುಳ್ಳು ಹೇಳಿದ ಹಾಗಾಗುತ್ತದೆ. ಆ ಐದು ವಾರ ನೀನು ನನ್ನ ಜೊತೆ ನಿಂತೆ. ಬೀರು ಇರುವ ಚಿಕ್ಕ ಕೋಣೆಯ ಗೋಡೆಗೆಲ್ಲ ಕಂಬಳಿ ಹೊಡೆದೆ. ಬೀದಿಯಲ್ಲಿ ಹಾರ್ನ್ ಹೊಡೆದವನ ಮೇಲೆ ಹೊರಗೆ ಹೋಗಿ ಕೂಗಾಡಿದೆ. ನಿನ್ನ ಕೂಗು ಅವನ ಹಾರ್ನಿಗಿಂತ ಜೋರಾಗಿ ರೆಕಾರ್ಡ್ ಆಯಿತು. ನಗು ಬಂತು ಆಗ. ಕಡೆಯ ಎರಡು ಬೆಳಿಗ್ಗೆ ಅದು ಹೇಗೋ ಗಂಟಲು ತಿಳಿಯಾಯಿತು. ಳಕಾರದ ನಲವತ್ತು ವಾಕ್ಯಗಳನ್ನು ಗಂಟೆ ಹೊಡೆದ ಹಾಗೆ ಓದಿ ಮುಗಿಸಿ ಹೊರಬಂದೆ. ಅತ್ತಿಗೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು. ಅವಳ ಕಣ್ಣು ಒದ್ದೆಯಾಗಿತ್ತು. ನಿನ್ನದು ಹೇಗಿತ್ತೋ ನೋಡಲಿಲ್ಲ.

ರೆಕಾರ್ಡ್ ಮಾಡಿದ ಲ್ಯಾಪ್‌ಟಾಪ್ ಆಸ್ಪತ್ರೆಯದು, ಬೇರೆ ರೋಗಿಗೆ ಬೇಕಿತ್ತು, ಹಿಂದಿರುಗಿಸಬೇಕಿತ್ತು. ಮೇಡಂ ನೂರು ಸಲ ಹೇಳಿದ್ದರು, ಎರಡು ಬೇರೆ ಬೇರೆ ಕಡೆ ಪ್ರತಿ ಇಟ್ಟುಕೊಳ್ಳಿ, ಆಮೇಲೆ ಇದನ್ನು ಅಳಿಸುತ್ತೇವೆ ಎಂದು. ನೀನು ನಿನ್ನ ಹಾರ್ಡ್ ಡಿಸ್ಕನ್ನು, ಅಂಗೈ ಅಗಲದ ಆ ಕಪ್ಪು ಪೆಟ್ಟಿಗೆಯನ್ನು, ಎಲ್ಲರಿಗೂ ತೋರಿಸಿ, "ಇದರಲ್ಲಿ ಹಾಕಿದ್ರೆ ಬ್ರಹ್ಮ ಬಂದ್ರೂ ಅಳಿಸಕ್ಕಾಗಲ್ಲ" ಅಂದೆ. ಕಂಪ್ಯೂಟರ್ ವಿಷಯದಲ್ಲಿ ನಮ್ಮ ಮನೆತನಕ್ಕೆ ನೀನೇ ಪಂಡಿತ. ಹಾಳೂರಿಗೆ ಉಳಿದವನೇ ಗೌಡ.

ಆಪರೇಷನ್ ದಿನ ತಳ್ಳುಮಂಚದ ಮೇಲೆ ಮಲಗಿಸಿ ಒಳಗೆ ಒಯ್ಯುವಾಗ ನಾನು ನಿನ್ನ ಕೈ ಹಿಡಿದು ಕೇಳಿದ್ದು ನೆನಪಿದೆಯೇ? "ಎರಡು ಕಡೆ ಇಟ್ಟಿದ್ದೀಯಾ?" ಎಂದು ಕೇಳಿದೆ. ನೀನು, "ಇಟ್ಟಿದ್ದೀನಿ ಕಣೇ, ಸುಮ್ನೆ ಮಲಕ್ಕೋ" ಅಂದೆ. ನನ್ನ ಗಂಟಲಿನಿಂದ ಹೊರಟ ಕಡೆಯ ಮಾತು ಅದು. ನನ್ನ ಕಡೆಯ ಮಾತು ನಿನ್ನನ್ನು ಕೇಳಿದ ಪ್ರಶ್ನೆ, ಅದಕ್ಕೆ ಸಿಕ್ಕಿದ ಉತ್ತರ ಸುಳ್ಳು: ನೀನು ಇಟ್ಟದ್ದು ಆ ಡಿಸ್ಕಿನಲ್ಲಿ ಮಾತ್ರ. ಈ ಒಂದನ್ನು ನಾನು ಸಾಯುವವರೆಗೂ ನುಂಗಲಾರೆ.

ಮುಂದಿನ ನಾಲ್ಕು ತಿಂಗಳು ನಾನು ಸ್ಲೇಟು ಹಿಡಿದು ಬದುಕಿದೆ. ಕತ್ತಿನಲ್ಲಿ ಒಂದು ತೂತು, ಉಸಿರೆಲ್ಲ ಅದರಿಂದಲೇ. ಸಿಟ್ಟು ಬಂದು ಕೂಗಿದರೆ ಸೈಕಲ್ ಟ್ಯೂಬಿನ ಗಾಳಿ ಬಿಟ್ಟ ಹಾಗೆ ಸುಯ್ ಅನ್ನುತ್ತದೆ, ಅಷ್ಟೇ. ನಾನು ಬರೆದು ಮುಗಿಸುವಷ್ಟರಲ್ಲಿ ನೀನು ಉತ್ತರ ಕೊಟ್ಟಿರುತ್ತಿದ್ದೆ. ನೋಡಲು ಬಂದವರು ನನ್ನನ್ನು ಏನಾದರೂ ಕೇಳಿದರೆ, "ಅವಳಿಗೆ ಅದೆಲ್ಲ ಬೇಡ", "ಅವಳಿಗೆ ಸುಸ್ತು", "ಅವಳು ಹಾಗಂದ್ಕೊಂಡಿಲ್ಲ" ಅನ್ನುತ್ತಿದ್ದೆ. ನಾನು ಏನಂದುಕೊಂಡಿದ್ದೇನೆ ಎಂದು ನನಗೇ ನಿನ್ನಿಂದ ತಿಳಿಯುತ್ತಿತ್ತು. ದನಿ ಎಲ್ಲಿ, ಯಂತ್ರ ಎಲ್ಲಿ ಎಂದು ಸ್ಲೇಟಿನಲ್ಲಿ ಬರೆದರೆ ದಿನಕ್ಕೊಂದು ಕಥೆ. ಮೇಡಂ ರಜೆ. ಸಾಫ್ಟ್‌ವೇರ್ ಇನ್ನೂ ತಯಾರಿಲ್ಲ. ಅರ್ಜಿ ಹಾಕಿದ್ದೀನಿ. ಒಂದು ದಿನವಂತೂ ನನ್ನ ಸ್ಲೇಟನ್ನು ನೀನೇ ಒರೆಸಿ, "ಆತುರಗಾರನಿಗೆ ಬುದ್ಧಿ ಮಟ್ಟ" ಅಂದೆ.

ಕೊನೆಗೆ ನಾನೇ ಬಸ್ಸು ಹತ್ತಿ ಆಸ್ಪತ್ರೆಗೆ ಹೋದೆ. ಮೇಡಂ ನನ್ನನ್ನು ನೋಡಿ ಕುರ್ಚಿಯಿಂದ ಎದ್ದರು. "ಅಯ್ಯೋ, ನೀವು ಮನಸ್ಸು ಬದಲಾಯಿಸಿದಿರಿ, ಯಂತ್ರದ ದನಿ ಬೇಡ ಅಂದಿರಿ ಅಂತ ನಿಮ್ಮಣ್ಣ ಹೇಳಿದ್ರಲ್ಲ? ನಾನು ನಾಲ್ಕು ಸಲ ಫೋನ್ ಮಾಡಿದೆ" ಅಂದರು. ಅವರ ಮೇಜಿನ ಮೇಲಿದ್ದ ನೀರು ಕುಡಿದು ಎದ್ದು ಬಂದೆ.

ಆ ಮಧ್ಯಾಹ್ನ ನೀನು ಮನೆಯಲ್ಲಿರಲಿಲ್ಲ. ಅತ್ತಿಗೆ ಬಟ್ಟೆ ಮಡಚುತ್ತಿದ್ದಳು. ಅವಳ ಮುಂದೆ ಸ್ಲೇಟು ಹಿಡಿದೆ: ಡಿಸ್ಕ್ ಎಲ್ಲಿ? ಅವಳು ಆ ಎರಡು ಪದ ಓದಿದಳು. ಆಮೇಲೆ ಹೊಲಿಗೆ ಯಂತ್ರದ ಕೆಳಗಿನ ಡ್ರಾಯರ್ ಎಳೆದು, ರವಿಕೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಕಪ್ಪು ಪೆಟ್ಟಿಗೆ ತೆಗೆದು ನನ್ನ ಮಡಿಲಿಗೆ ಹಾಕಿದಳು. "ಬಿಸಾಕು ಅಂದ್ರು. ಬಿಸಾಕಕ್ಕೆ ಕೈ ಬರಲಿಲ್ಲ" ಅಂದಳು. ಆಮೇಲೆ ಎಲ್ಲ ಹೇಳಿದಳು.

ಈಗ ನಿನ್ನ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೀಯ ಎಂದು ಬಲ್ಲೆ. ಅತ್ತಿಗೆಯ ಮೇಲೆ ಹಾರಾಡಬೇಡ. ಈ ಕಾಗದವನ್ನು ನಿನಗಿಂತ ಮೊದಲು ಅವಳು ಓದಿದ್ದಾಳೆ, ಒಂದು ತಪ್ಪನ್ನೂ ತಿದ್ದಿದ್ದಾಳೆ.

ನಾನು ಆಸ್ಪತ್ರೆಯಲ್ಲಿ ಮೂಗಿಗೆ ನಳಿಗೆ ಹಾಕಿಕೊಂಡು ಮಲಗಿದ್ದ ಮೂರನೆಯ ದಿನ ಟಿವಿಯಲ್ಲಿ ಯಾವುದೋ ಪಂದ್ಯವಿತ್ತು. ನಿನಗೆ ಹೊರಗೆ ಹೋಗಬೇಕಿತ್ತು, ಪಂದ್ಯವೂ ಬೇಕಿತ್ತು. ಟಿವಿಯಲ್ಲೇ ರೆಕಾರ್ಡ್ ಮಾಡಬಹುದು ಅಂತ ನೀನು ಆ ಡಿಸ್ಕನ್ನು ಟಿವಿಯ ಬೆನ್ನಿಗೆ ಚುಚ್ಚಿದೆ. ರೆಕಾರ್ಡ್ ಮಾಡಬೇಕಾದರೆ ಇದರಲ್ಲಿ ಇರುವುದೆಲ್ಲ ಹೋಗುತ್ತದೆ, ಸರಿಯೇ ಎಂದು ಟಿವಿ ಕೇಳಿತು. ಎಲ್ಲದಕ್ಕೂ ಸರಿ ಒತ್ತುವುದು ನಿನ್ನ ಹುಟ್ಟುಗುಣ. ಹತ್ತು ನಿಮಿಷ ಪಂದ್ಯ ರೆಕಾರ್ಡ್ ಆದ ಮೇಲೆ ಅತ್ತಿಗೆ ನೋಡಿ, "ಅದರಲ್ಲಿ ಅವಳ ದನಿ ಇದೆಯಲ್ರೀ!" ಅಂದಳಂತೆ. ಆಗ ನೀನು ಗಾಬರಿಯಲ್ಲಿ ವೈರು ಹಿಡಿದು ಹಾಗೇ ಕಿತ್ತೆ, ಹಲ್ಲು ಕಿತ್ತ ಹಾಗೆ.

ಅಲ್ಲಿಗೆ ನಿಲ್ಲಿಸಿದ್ದರೂ ಆಗುತ್ತಿತ್ತು. ಕಂಪ್ಯೂಟರಿಗೆ ಹಾಕಿದರೆ ಅದು, ಈ ಡಿಸ್ಕ್ ಓದಲು ಆಗುತ್ತಿಲ್ಲ, ಫಾರ್ಮ್ಯಾಟ್ ಮಾಡಲೇ ಅಂದಿತು. ನೀನು ಮಾಡು ಅಂದೆ. ಸ್ವಲ್ಪ ದೂರ ಹೋಗಿ, ಪೂರ್ತಿ ಮಾಡಲಾಗಲಿಲ್ಲ ಅಂದಿತು. ಮತ್ತೆ ಒತ್ತಿದೆ. ಒಂದು ವಾರ ಒತ್ತಿದೆ. ಅತ್ತಿಗೆ ಕೇಳಿದಳಂತೆ, "ಅಳಿಸಿಬಿಟ್ರೆ ಅವಳದ್ದು ಹೆಂಗೆ ಬರುತ್ತೆ?" ಎಂದು. ಅದಕ್ಕೆ ನೀನು ಹೇಳಿದ್ದನ್ನು ಅವಳು ನನಗೆ ಹೇಳುವಾಗ ತಲೆ ಎತ್ತಲಿಲ್ಲ. "ಅದು ಹೋಯ್ತು ಬಿಡು. ಡಿಸ್ಕಾದ್ರೂ ಉಳೀಲಿ." ಡಿಸ್ಕಾದರೂ ಉಳಿಯಲಿ! ಕೊನೆಗೆ ಅದೂ ಉಳಿಯದೆ ಹೋದಾಗ, ಡಿಸ್ಕೇ ಮೊದಲಿಂದ ಸರಿಯಿರಲಿಲ್ಲ ಅಂದೆ. ಕುಣಿಯಲಾರದವಳಿಗೆ ನೆಲ ಡೊಂಕು.

ಅತ್ತಿಗೆಯೇ ನನ್ನನ್ನು ರಿಪೇರಿಯಾಕೆಯ ಹತ್ತಿರ ಕರೆದುಕೊಂಡು ಹೋದಳು. ಜೆರಾಕ್ಸ್ ಅಂಗಡಿಯ ಮೆಟ್ಟಿಲ ಕೆಳಗೆ, ತಲೆ ಬಗ್ಗಿಸಿಕೊಂಡೇ ಕೂರಬೇಕಾದ ಗೂಡು. ಕನ್ನಡಕವನ್ನು ದಾರಕ್ಕೆ ಕಟ್ಟಿ ಕತ್ತಿಗೆ ನೇತುಹಾಕಿಕೊಂಡಿದ್ದ ಹೆಂಗಸು. "ಇದಕ್ಕೆ ಏನೇನು ಮಾಡಿದ್ದೀರಿ, ಮುಚ್ಚಿಡದೆ ಹೇಳಿ. ವೈದ್ಯರ ಹತ್ರ, ವಕೀಲರ ಹತ್ರ, ನನ್ನ ಹತ್ರ ಸುಳ್ಳು ಹೇಳಬಾರದು" ಅಂದಳು. ಅತ್ತಿಗೆ ಹೇಳಿದಳು. ಫಾರ್ಮ್ಯಾಟ್ ಒತ್ತಿದ್ದನ್ನೂ ಅದು ಆಗದೆ ಹೋದದ್ದನ್ನೂ ಕೇಳಿ ಆಕೆ ಅತ್ತಿಗೆಯ ಕೈ ಮುಟ್ಟಿ, "ಆಗ್ಲಿಲ್ಲ ಅನ್ನೋದೇ ನಿಮ್ಮ ಪುಣ್ಯ" ಅಂದಳು.

ಮೊದಲು ವೈರು ಬದಲಾಯಿಸಿದಳು. ಮುಂದಿನ ಕಂಡಿಯಿಂದ ತೆಗೆದು ಕಂಪ್ಯೂಟರಿನ ಹಿಂದಿನ ಕಂಡಿಗೆ ಹಾಕಿದಳು. ಪೆಟ್ಟಿಗೆಯನ್ನು ಕಿವಿಗೆ ಒತ್ತಿ ಹಿಡಿದು ಕಣ್ಣು ಮುಚ್ಚಿ ಕೇಳಿದಳು. "ಟಕ್ ಟಕ್ ಅಂತಿಲ್ಲ. ಒಳಗಿನ ತಟ್ಟೆ ಸರಾಗ ತಿರುಗ್ತಿದೆ. ರೋಗ ಹೊಟ್ಟೇಲಿಲ್ಲ, ಬಾಗಿಲಲ್ಲಿದೆ" ಅಂದಳು. ಪರದೆಯ ಮೇಲೆ ಅದೇ ಪ್ರಶ್ನೆ ಬಂತು, ಫಾರ್ಮ್ಯಾಟ್ ಮಾಡಲೇ ಎಂದು. ಆಕೆ ಬೇಡ ಎಂದು ಒತ್ತಿ ನನ್ನ ಕಡೆ ತಿರುಗಿದಳು. "ಓದಕ್ಕೆ ಬರದೇ ಇದ್ದಿದ್ದನ್ನೆಲ್ಲ ಅಳಿಸ್ಲಾ ಅಂತ ಕೇಳೋದು ಇದರ ಚಾಳಿ. ಹೂಂ ಅನ್ನಬಾರದು ಅಕ್ಕಾ, ಯಾವತ್ತೂ ಅನ್ನಬಾರದು." ಪೆಟ್ಟಿಗೆಯ ಸಂದಿಗೆ ತೆಳು ತಗಡು ತೂರಿಸಿ ಬಿಚ್ಚಿದರೆ, ವೈರು ಚುಚ್ಚುವ ಕಂಡಿ ಒಳಗಿನ ಪುಟ್ಟ ಹಲಗೆಯಿಂದ ಕಿತ್ತು ಅಲುಗಾಡುತ್ತಿತ್ತು. ನೀನು ಕಿತ್ತ ಗುರುತು. ಆ ಸಡಿಲದಿಂದಲೇ ಸಂಪರ್ಕ ನಡುನಡುವೆ ತಪ್ಪಿ ನಿನ್ನ ಫಾರ್ಮ್ಯಾಟ್ ಒಂದು ಸಲವೂ ಪೂರ್ತಿಯಾಗಿರಲಿಲ್ಲ. ನಿನ್ನ ಮೊದಲ ತಪ್ಪು ನಿನ್ನ ಎರಡನೆಯ ತಪ್ಪಿಗೆ ಅಡ್ಡ ಬಂದಿತ್ತು. ನಿನ್ನ ಕೈಯಿಂದ ನನಗಾದ ಉಪಕಾರ ಅದೊಂದೇ.

ಆಕೆ ಒಳಗಿನ ಡಿಸ್ಕನ್ನು ಹೊರತೆಗೆದು ಬೇರೆ ವೈರಿನಿಂದ ನೇರ ಜೋಡಿಸಿದಳು. ಅದರ ಮೇಲೆ ಒಂದು ಚುಕ್ಕಿಯನ್ನೂ ಬರೆಯದೆ, ಇದ್ದದ್ದನ್ನು ಇದ್ದ ಹಾಗೆ ಇನ್ನೊಂದು ಡಿಸ್ಕಿಗೆ ನಕಲು ಮಾಡಿದಳು. ಎರಡು ದಿನ ಹಿಡಿಯಿತು. "ಹುಡುಕಾಟ ಎಲ್ಲ ನಕಲಿನ ಮೇಲೆ. ಮೂಲಕ್ಕೆ ಕೈ ಹಚ್ಚಲ್ಲ" ಅಂದಳು. ಮೂರನೆಯ ದಿನ ಹೋದಾಗ ಒಂದು ಹೆಡ್‌ಫೋನ್ ಕೊಟ್ಟು ಸ್ಟೂಲಿನ ಮೇಲೆ ಕೂರಿಸಿದಳು. "ಹೆಸರೆಲ್ಲ ಅಳಿಸಿಹೋಗಿದೆ, ಬರೀ ನಂಬರ್ ಇದೆ. ಯಾವುದು ಯಾವ ವಾಕ್ಯ ಅಂತ ನೀವೇ ಕೇಳಿ ಗುರುತು ಹಾಕ್ಬೇಕು" ಅಂದಳು.

ಅಣ್ಣಾ, ನಾಲ್ಕು ತಿಂಗಳ ಮೇಲೆ ನಾನು ನನ್ನ ದನಿ ಕೇಳಿದೆ. ಠಕ್ಕನ ಛತ್ರಿಗೆ ಝರಿಯ ನೀರು ಬಿತ್ತು. ಇಂಥ ಪೆದ್ದು ವಾಕ್ಯಕ್ಕೆ ಯಾರಾದರೂ ಅಳುತ್ತಾರೆಯೇ? ನಾನು ಅತ್ತೆ. ಅಳುವಾಗಲೂ ಕತ್ತಿನಿಂದ ಸುಯ್ ಎಂದು ಗಾಳಿ ಮಾತ್ರ ಬಂತು. ರಿಪೇರಿಯಾಕೆ ಜೆರಾಕ್ಸ್ ಅಂಗಡಿಯವನಿಗೆ, "ಸ್ವಲ್ಪ ಹೊತ್ತು ಆ ಮಿಷನ್ ನಿಲ್ಸಪ್ಪಾ" ಅಂದಳು. ಅವನು ಯಾಕೆಂದು ಕೇಳದೆ ನಿಲ್ಲಿಸಿದ.

ಆರು ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಆ ಸ್ಟೂಲಿನ ಮೇಲೆ ಕೂತೆ. ಇಪ್ಪತ್ತೊಂಬತ್ತು ಪುಟಗಳು ಹೆಚ್ಚುಕಡಿಮೆ ಪೂರ್ತಿ ಸಿಕ್ಕವು. ಅರವತ್ತಮೂರು ಕಡೆ ನೀನಿದ್ದೆ: ನಿನ್ನ ಕೆಮ್ಮು, ನಿನ್ನ "ಹೂಂ, ಮುಂದಕ್ಕೆ", ನಿನ್ನ "ಇನ್ನೊಂಚೂರು ಗಟ್ಟಿಯಾಗಿ ಹೇಳು". ನಿನ್ನನ್ನು ಕತ್ತರಿಸಿ ತೆಗೆಯುವುದನ್ನು ಆಕೆ ನನಗೆ ಕಲಿಸಿಕೊಟ್ಟಳು. ಅರವತ್ತಮೂರು ಸಲವೂ ನಾನೇ ನನ್ನ ಕೈಯಾರೆ ತೆಗೆದೆ. ಹಾಯಾಗಿತ್ತು.

ಮೂವತ್ತನೆಯ ಪುಟ ಸಿಗಲಿಲ್ಲ. ಅದು ಇರಬೇಕಾದ ಜಾಗದಲ್ಲಿ ಜನರ ಗದ್ದಲ, ಸೀಟಿ, ಒಬ್ಬ ಗಂಡಸು ಉಸಿರುಗಟ್ಟಿ ಕೂಗುತ್ತಿರುವುದು ಕೇಳಿಸಿತು. ನಿನ್ನ ಪಂದ್ಯ. ಹತ್ತು ನಿಮಿಷದ ಪಂದ್ಯ ನನ್ನ ಳಕಾರದ ಮೇಲೆ ಸರಿಯಾಗಿ ಬಂದು ಕೂತಿತ್ತು. "ಬರೀ ಅಳಿಸಿದ್ದಾದ್ರೆ ಎತ್ತಬಹುದು. ಮೇಲೆ ಬೇರೆ ಬರೆದುಬಿಟ್ರೆ ದೇವರೇ ಬಂದ್ರೂ ಆಗಲ್ಲ" ಅಂತ ರಿಪೇರಿಯಾಕೆ ತನ್ನದೇ ತಪ್ಪೇನೋ ಎಂಬಂತೆ ಹೇಳಿದಳು. ಇನ್ನೊಮ್ಮೆ ಓದಿ ರೆಕಾರ್ಡ್ ಮಾಡೋಣವೆಂದರೆ ಓದುವ ಗಂಟಲು ಎಲ್ಲಿದೆ?

ಮೇಡಂ ಸಿಕ್ಕಿದ್ದರಲ್ಲೇ ಯಂತ್ರಕ್ಕೆ ದನಿ ಕಟ್ಟಿಸಿದರು. ನನ್ನ ದನಿಯೇ, ಅನುಮಾನವಿಲ್ಲ. ಳ ಬಂದಾಗ ಮಾತ್ರ ಯಂತ್ರ ತಡವರಿಸಿ ಲ ಅನ್ನುತ್ತದೆ. ಬೆಲಿಗ್ಗೆ. ಮಲೆ. ಏಲು ಗಂಟೆ. ಯಾವ ತಪ್ಪಿಗೆ ಹುಡುಗಿಯರನ್ನು ಅಳಿಸಿದೆನೋ ಅದೇ ತಪ್ಪು, ನನ್ನದೇ ದನಿಯಲ್ಲಿ.

ಮೊದಲ ಫೋನು ನಿಲ್ದಾಣದ ಸಾಹೇಬರಿಗೆ ಮಾಡಿದೆ. ದನಿ ಕೇಳಿಸೋಣ ಎಂದಷ್ಟೇ. ಅವರು "ಮೈಕಮ್ಮಾ!" ಎಂದು ಕೂಗಿದರು. ಆಮೇಲೆ ಬಂದ ಮಾತು ಇದು. "ಅಲ್ಲಮ್ಮಾ, ಹೊಸಬರಿಗೆ ಕಲಿಸೋ ಕೆಲಸಕ್ಕೆ ನಿಮ್ಮನ್ನೇ ಕರೆದಿದ್ವಿ. ಕಿವಿ ಇದ್ರೆ ಸಾಕು, ತಪ್ಪು ಹಿಡಿದು ಬರೆದು ತೋರಿಸಿದ್ರೆ ಸಾಕು ಅಂತ ಹೇಳಿದ್ದೆ. ಅವಳಿಗೆ ಇಷ್ಟ ಇಲ್ಲ, ಇನ್ನು ಮನೇಲೇ ಇರ್ತಾಳೆ ಅಂದ್ರಲ್ಲ ನಿಮ್ಮಣ್ಣ?"

ಡಿಸ್ಕಿನ ವಿಷಯದಲ್ಲಿ ನೀನು ಹೆದರಿ ಸುಳ್ಳು ಹೇಳಿದೆ ಎಂದು ಹೇಗೋ ಅಂದುಕೊಳ್ಳಬಹುದಿತ್ತು. ಇದಕ್ಕೆ ಯಾವ ಹೆದರಿಕೆ ಇತ್ತು? ನಾನು ಬಾಯಿಲ್ಲದೆ ಕೆಳಗಿನ ಮನೆಯಲ್ಲಿ ಬಿದ್ದಿರುವುದು ನಿನಗೆ ಒಗ್ಗಿಹೋಗಿತ್ತು. ಸ್ವಲ್ಪ ಇಷ್ಟವೂ ಆಗಿತ್ತು. ಅಲ್ಲ ಅನ್ನು ನೋಡೋಣ.

ಆ ಕೆಲಸಕ್ಕೆ ಇನ್ನೂ ಯಾರನ್ನೂ ಹಾಕಿಲ್ಲ ಅಂದರು ಸಾಹೇಬರು. ನಾಳೆ ಬರುತ್ತೇನೆ ಎಂದು ಟೈಪ್ ಮಾಡಿದೆ. ಯಂತ್ರ "ನಾಲೆ ಬರುತ್ತೇನೆ" ಅಂದಿತು. "ಯಾವ ನಾಲೆಯಮ್ಮಾ, ನೀರು ಬಿಡ್ತಾರಾ?" ಎಂದು ಅವರು ನಕ್ಕರು. ನಾನೂ ಗಾಳಿಯಲ್ಲೇ ನಕ್ಕೆ. ಮೂರು ವಾರದಿಂದ ಕೆಲಸಕ್ಕೆ ಹೋಗುತ್ತಿದ್ದೇನೆ. ಹುಡುಗಿಯರು ನನ್ನ ಯಂತ್ರದ ಳ ಕೇಳಿ ತುಟಿ ಕಚ್ಚಿಕೊಳ್ಳುತ್ತಾರೆ. ಕಚ್ಚಿಕೊಳ್ಳಲಿ. ಅವರಿಗೆ ಆ ಹಕ್ಕನ್ನು ನಾನೇ ಕೊಟ್ಟಿದ್ದೇನೆ.

ನಿನಗೆ ಕೊಟ್ಟಿಲ್ಲ. ಹೋದ ಭಾನುವಾರ ಚಿಕ್ಕಮ್ಮ ಊಟಕ್ಕೆ ಬಂದಿದ್ದಾಗ ನಾನು ಯಂತ್ರದಲ್ಲಿ, ಬೆಳಿಗ್ಗೆ ಬೇಗ ಹೊರಡಬೇಕು ಅಂದೆ. ನೀನು ತುತ್ತು ಬಾಯಲ್ಲಿಟ್ಟುಕೊಂಡೇ ನಕ್ಕೆ. "ಬೆಲಿಗ್ಗೆ ಅಲ್ಲ ಕಣೇ, ಬೆಳಿಗ್ಗೆ! ಊರಿಗೆಲ್ಲ ಹೇಳಿಕೊಡ್ತಿದ್ದೋಳು ನೀನು!" ಆಮೇಲೆ ಚಿಕ್ಕಮ್ಮನ ಕಡೆ ತಿರುಗಿ, "ಡಿಸ್ಕೇ ಕೆಟ್ಟೋಗಿತ್ತು ಚಿಕ್ಕಮ್ಮಾ. ನಾನೇ ಓಡಾಡಿ, ಗೊತ್ತಿರೋ ಕಡೆ ಕೊಟ್ಟು ಎತ್ತಿಸ್ದೆ" ಅಂದೆ. ಅತ್ತಿಗೆಯ ಕೈಯಲ್ಲಿ ಸೌಟು ಹಾಗೇ ನಿಂತಿತು. ಯಂತ್ರ ಮನೆಗೆ ತಂದ ದಿನವೂ ನೀನು ಡಿಸ್ಕೇ ಕೆಟ್ಟಿತ್ತು ಅಂದಾಗ ನಾನು ತಲೆಯಾಡಿಸಿದ್ದೆ. ಡಿಸ್ಕು ತಾನಾಗಿ ಕೆಟ್ಟಿತೆಂದು ನಾನು ನಂಬಿದ್ದೇನೆ ಎಂದು ನೀನು ನಂಬಿದ್ದೆ. ಆ ನಗೆಯೊಂದು ಇಲ್ಲದಿದ್ದರೆ ಹಾಗೇ ನಂಬಿಕೊಂಡಿರಲು ಬಿಡುತ್ತಿದ್ದೆನೋ ಏನೋ.

ಕ್ಷಮೆ ಕೇಳಬೇಡ. ಕೇಳಿದರೆ ಅದನ್ನೂ ನಾಲ್ಕು ಜನರ ಮುಂದೆ ಜೋರಾಗಿ ಕೇಳುತ್ತೀಯ, ಕೊನೆಗೆ ಅದೂ ನಿನ್ನ ದೊಡ್ಡತನವಾಗುತ್ತದೆ. ಆಸ್ಪತ್ರೆಯ ಕಾಗದಗಳಲ್ಲೂ ಕಚೇರಿಯ ಕಾಗದಗಳಲ್ಲೂ ನನ್ನ ಪರವಾಗಿ ಮಾತಾಡಬೇಕಾದವರ ಜಾಗದಿಂದ ನಿನ್ನ ಹೆಸರು ತೆಗೆಸಿದ್ದೇನೆ. ಅಲ್ಲಿ ಅತ್ತಿಗೆಯ ಹೆಸರಿದೆ. ಬರುವ ತಿಂಗಳು ನಿಲ್ದಾಣದ ಹಿಂದಿನ ಬೀದಿಯಲ್ಲಿ ಒಂದು ಕೋಣೆಗೆ ಹೋಗುತ್ತಿದ್ದೇನೆ. ಸಾಮಾನು ಹೊರಲು ನೀನು ಬರಬೇಡ. ಅತ್ತಿಗೆ ಬರುತ್ತಾಳೆ, ರಿಪೇರಿಯಾಕೆಯೂ ಬರುತ್ತೇನೆ ಅಂದಿದ್ದಾಳೆ.

ಮೇಲೆ ಬಂದು ಯಂತ್ರದಲ್ಲೇ ಇದೆಲ್ಲ ಹೇಳಬಹುದಿತ್ತು. ಹೇಳಲಿಲ್ಲ. ಆ ದನಿ ಯಾರಿಗೆ ಕೇಳಿಸಬೇಕು, ಯಾರಿಗೆ ಕೂಡದು ಎಂಬುದು ಇನ್ನು ಮೇಲೆ ನನ್ನ ತೀರ್ಮಾನ. ನಿನಗೆ ಅದು ಕೇಳಿಸಿದ್ದು ಆ ಭಾನುವಾರವೇ ಕಡೆ.

ಹೊರಡುವಾಗ ಹಿರಿಯರ ಕಾಲು ಮುಟ್ಟುವ ಬದಲು ನಾನೇ ಒಂದು ಹಾರೈಕೆ ಇಟ್ಟು ಹೋಗುತ್ತೇನೆ. ನೂರು ವರ್ಷ ಬಾಳು. ನಿನ್ನ ಗಂಟಲಿಗೆ ಎಂದೂ ಏನೂ ಆಗದಿರಲಿ. ವ್ಯಂಗ್ಯವಲ್ಲ ಇದು. ಆ ತಳ್ಳುಮಂಚದ ಮೇಲೆ ಮಲಗಿ ಬಂದವಳಾದ್ದರಿಂದ ಶತ್ರುವಿಗೂ ಅದು ಬೇಡ ಅನ್ನುತ್ತೇನೆ; ನಿನಗೂ ಬೇಡ.

ಇಂತಿ,
ತನ್ನ ಮಾತನ್ನು ತಾನೇ ಆಡುವ
ನಿನ್ನ ತಂಗಿ